ಕೋಶಪೊರೆಯಲ್ಲಿ ಕೊಲೆಸ್ಟರಾಲ್ ಮತ್ತು ಅಪರ್ಯಾಪ್ತ ಕೊಬ್ಬಿನಾಮ್ಲಗಳು

ಪ್ರಾಣಿಗಳ ಜೀವಕೋಶವನ್ನು ಆವರಿಸಿರುವ ಪೊರೆಯಲ್ಲಿ ಪ್ರೋಟೀನುಗಳ ಜೊತೆಗೆ ಎರಡು ಬಗೆಯ ಲಿಪಿಡ್‌ಗಳು ಹೇರಳವಾಗಿವೆ: ಕೊಬ್ಬಿನಾಮ್ಲಗಳನ್ನು ಬಾಲಗಳಾಗಿ ಹೊತ್ತ ಫಾಸ್ಫೊಲಿಪಿಡ್‌ಗಳು ಮತ್ತು ಕೊಲೆಸ್ಟರಾಲ್. ಕೊಬ್ಬಿನಾಮ್ಲದ ಸರಪಳಿಯಲ್ಲಿ ದ್ವಿಬಂಧ ಇಲ್ಲದಿದ್ದರೆ ಅದು ಪರ್ಯಾಪ್ತ, ಇದ್ದರೆ ಅಪರ್ಯಾಪ್ತ. ದ್ವಿಬಂಧ ಇದೆಯೇ, ಎಷ್ಟಿವೆ, ಸರಪಳಿಯ ಯಾವ ಭಾಗದಲ್ಲಿವೆ ಎಂಬುದನ್ನು ಅನುಸರಿಸಿ ಕೊಲೆಸ್ಟರಾಲ್ ಅದರ ಪಕ್ಕದಲ್ಲಿ ಒತ್ತಾಗಿ ನಿಲ್ಲುತ್ತದೆ, ಸಡಿಲವಾಗಿ ನಿಲ್ಲುತ್ತದೆ, ಇಲ್ಲವೇ ದೂರ ಸರಿಯುತ್ತದೆ. ಪೊರೆಯ ದಪ್ಪ, ಅದರ ಹರಿವು, ನೀರು ಮತ್ತು ಗ್ಲೂಕೋಸ್ ಅದರ ಮೂಲಕ ಸೋರುವ ಪ್ರಮಾಣ, ಅದರಲ್ಲಿ ಹುದುಗಿರುವ ಪ್ರೋಟೀನುಗಳ ನಡವಳಿಕೆ ಇವೆಲ್ಲಕ್ಕೂ ಈ ನೆರೆಹೊರೆಯ ಸಂಬಂಧದೊಡನೆ ನಂಟಿದೆ.

ಕೊಲೆಸ್ಟರಾಲ್ ಎಂದೊಡನೆ ರಕ್ತಪರೀಕ್ಷೆಯ ವರದಿ ಕಣ್ಣ ಮುಂದೆ ಬರುವುದು ಸಹಜ. ಆದರೆ ರಕ್ತದಲ್ಲಿ ಅಳೆಯುವುದು ಸಾಗಣೆಯಲ್ಲಿರುವ ಕೊಲೆಸ್ಟರಾಲನ್ನು. ಅದು ಮುಖ್ಯವಾಗಿ ದುಡಿಯುವ ಜಾಗ ಪೊರೆ. ಕೋಶದ ಹೊರಪೊರೆಯ ಲಿಪಿಡ್ ಅಣುಗಳಲ್ಲಿ ಶೇ. 30ರಿಂದ 40ರಷ್ಟು ಕೊಲೆಸ್ಟರಾಲೇ ಇರುತ್ತದೆ. ಅದೇ ಕೋಶದ ಒಳಗಿರುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಬಲೆಯ ಪೊರೆಯಲ್ಲಿ ಅದರ ಪಾಲು ಶೇ. 5ರ ಆಸುಪಾಸು ಮಾತ್ರ. ಒಂದೇ ಕೋಶದೊಳಗೆ ಇಷ್ಟು ದೊಡ್ಡ ಅಂತರ ಉಳಿದುಬರುವುದಕ್ಕೆ ಒಂದು ಮುಖ್ಯ ಕಾರಣ ಆಯಾ ಪೊರೆಯ ಕೊಬ್ಬಿನಾಮ್ಲಗಳಲ್ಲಿದೆ.

ಇತಿಹಾಸ

ಈ ಎರಡು ವಸ್ತುಗಳ ಅಧ್ಯಯನ ಶುರುವಾದದ್ದು ಒಬ್ಬನೇ ವಿಜ್ಞಾನಿಯ ಪ್ರಯೋಗಾಲಯದಲ್ಲಿ. ಪಿತ್ತಕೋಶದ ಕಲ್ಲುಗಳಲ್ಲಿ ಸಿಗುವ ಮೇಣದಂಥ ಬಿಳಿ ವಸ್ತು ಸಾಬೂನಾಗುವ ಕೊಬ್ಬಲ್ಲ ಎಂದು ತೋರಿಸಿ, 1815ರಲ್ಲಿ ಅದಕ್ಕೆ ಕೊಲೆಸ್ಟರಿನ್ ಎಂದು ಹೆಸರಿಟ್ಟವನು ಫ್ರಾನ್ಸಿನ ಮಿಶೆಲ್ ಯೂಜೆನ್ ಶೆವ್ರಲ್. ಪ್ರಾಣಿಗಳ ಕೊಬ್ಬಿನಿಂದ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳನ್ನು ಬೇರ್ಪಡಿಸಿ, 1823ರ ತನ್ನ ಗ್ರಂಥದಲ್ಲಿ ವಿವರಿಸಿದವನೂ ಅವನೇ. ಇವು ಒಂದರ ಪಕ್ಕ ಒಂದು ಕುಳಿತರೆ ಏನಾಗುತ್ತದೆ ಎಂಬ ಪ್ರಶ್ನೆ ಪ್ರಯೋಗಕ್ಕೆ ಬರಲು ಮತ್ತೂ ನೂರು ವರ್ಷ ಹಿಡಿಯಿತು.

1925 ಈ ವಿಷಯದಲ್ಲಿ ಮುಖ್ಯವಾದ ವರ್ಷ. ನೆದರ್ಲೆಂಡ್ಸಿನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಲಿಪಿಡ್‌ಗಳನ್ನು ತೆಗೆದು ನೀರಿನ ಮೇಲೆ ಹರಡಿದರು. ಅವು ರಕ್ತಕಣಗಳ ಮೇಲ್ಮೈಯ ಎರಡರಷ್ಟು ಜಾಗ ಹಿಡಿದವು. ಪೊರೆಗೆ ಎರಡು ಪದರಗಳಿವೆ ಎಂಬ ತೀರ್ಮಾನ ಅಲ್ಲಿಂದ ಬಂತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲೀತ್ಸ್ ಅದೇ ಬಗೆಯ ತೆಳುಪದರದಲ್ಲಿ ಲೆಸಿಥಿನ್ ಎಂಬ ಫಾಸ್ಫೊಲಿಪಿಡ್ ಮತ್ತು ಕೊಲೆಸ್ಟರಾಲನ್ನು ಬೆರೆಸಿ ನೋಡಿದ. ಬೇರೆಬೇರೆಯಾಗಿ ಅವು ಹಿಡಿಯುವ ಜಾಗಗಳನ್ನು ಕೂಡಿಸಿದರೆ ಬರುವ ಮೊತ್ತಕ್ಕಿಂತ ಬೆರಕೆ ಹಿಡಿದ ಜಾಗ ಕಡಿಮೆಯಿತ್ತು. ಕೊಲೆಸ್ಟರಾಲ್ ತನ್ನ ನೆರೆಯ ಸರಪಳಿಗಳನ್ನು ಒತ್ತಾಗಿಸುತ್ತದೆ ಎಂಬುದಕ್ಕೆ ಇದು ಮೊದಲ ಸಾಕ್ಷಿ. ಸಾಂದ್ರಣ ಪರಿಣಾಮ ಎಂದು ಕರೆಯುವ ಈ ಗುಣವನ್ನು ಮುಂದಿನ ಸಂಶೋಧನೆಗಳೆಲ್ಲ ಬೇರೆಬೇರೆ ಉಪಕರಣಗಳಿಂದ ಮತ್ತೆ ಮತ್ತೆ ಅಳೆದಿವೆ.

ಅಣುಗಳ ಆಕಾರ

ಕೊಲೆಸ್ಟರಾಲ್ ಅಣುವಿನಲ್ಲಿ 27 ಕಾರ್ಬನ್ ಪರಮಾಣುಗಳಿವೆ. ಅದರ ನಡುಭಾಗ ನಾಲ್ಕು ಉಂಗುರಗಳು ಬೆಸೆದುಕೊಂಡ ಚಪ್ಪಟೆಯಾದ, ಬಾಗದ ಹಲಗೆ. ಒಂದು ತುದಿಯಲ್ಲಿ ನೀರಿಗೆ ಒಲಿಯುವ ಒಂದೇ ಒಂದು ಹೈಡ್ರಾಕ್ಸಿಲ್ ಗುಂಪು, ಇನ್ನೊಂದು ತುದಿಯಲ್ಲಿ ಕವಲೊಡೆದ ಪುಟ್ಟ ಬಾಲ. ಹಲಗೆಯ ಎರಡು ಮುಖಗಳು ಒಂದೇ ತೆರನಾಗಿಲ್ಲ. ಆಲ್ಫಾ ಎನ್ನುವ ಮುಖ ನುಣುಪು. ಬೀಟಾ ಮುಖದ ಮೇಲೆ ಎರಡು ಮೀಥೈಲ್ ಗುಂಪುಗಳು ಉಬ್ಬಿ ನಿಂತಿರುವುದರಿಂದ ಅದು ಒರಟು. ಪೊರೆಯಲ್ಲಿ ಈ ಅಣು ಸಾಮಾನ್ಯವಾಗಿ ನೆಟ್ಟಗೆ ನಿಲ್ಲುತ್ತದೆ. ಹೈಡ್ರಾಕ್ಸಿಲ್ ತುದಿ ಫಾಸ್ಫೊಲಿಪಿಡ್‌ಗಳ ತಲೆಯ ಕೆಳಗೆ, ನೀರಿನ ಅಂಚಿನಲ್ಲಿರುತ್ತದೆ. ಉಂಗುರಗಳ ಹಲಗೆ ಪಕ್ಕದ ಸರಪಳಿಯ ಮೊದಲ ಒಂಬತ್ತು ಹತ್ತು ಕಾರ್ಬನ್‌ಗಳ ಉದ್ದಕ್ಕೂ ಚಾಚಿರುತ್ತದೆ.

ಇನ್ನು ಕೊಬ್ಬಿನಾಮ್ಲಗಳು. ಸ್ಟಿಯರಿಕ್, ಓಲಿಯಿಕ್, ಲಿನೋಲಿಯಿಕ್ ಮೂರೂ 18 ಕಾರ್ಬನ್‌ಗಳ ಸರಪಳಿಗಳು. ದ್ವಿಬಂಧವಿಲ್ಲದ ಸ್ಟಿಯರಿಕ್ ಆಮ್ಲ ಕರಗಲು ಸುಮಾರು 69 ಡಿಗ್ರಿ ಸೆಲ್ಸಿಯಸ್ ಬೇಕು. ಒಂದು ದ್ವಿಬಂಧವಿರುವ ಓಲಿಯಿಕ್ ಆಮ್ಲ 13 ಡಿಗ್ರಿಗೇ ಕರಗುತ್ತದೆ. ಎರಡಿರುವ ಲಿನೋಲಿಯಿಕ್ ಆಮ್ಲ ಸೊನ್ನೆಗಿಂತ 5 ಡಿಗ್ರಿ ಕೆಳಗೂ ದ್ರವವಾಗಿರುತ್ತದೆ. ಮಾಗಿಯ ಬೆಳಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ್ದರೂ ಪಕ್ಕದ ಸೂರ್ಯಕಾಂತಿ ಎಣ್ಣೆ ಹರಿಯುತ್ತಲೇ ಇರುವುದರ ಹಿಂದಿರುವುದು ಇದೇ ವ್ಯತ್ಯಾಸ. ನೈಸರ್ಗಿಕ ದ್ವಿಬಂಧಗಳು ಬಹುಪಾಲು ಸಿಸ್ ಬಗೆಯವು. ಅಂಥದೊಂದು ಬಂಧ ಇರುವಲ್ಲಿ ಸರಪಳಿ ಸುಮಾರು 30 ಡಿಗ್ರಿ ಸೊಟ್ಟಗಾಗುತ್ತದೆ. ನೇರ ಸೌದೆಗಳನ್ನು ಒಟ್ಟಿದಷ್ಟು ಒತ್ತಾಗಿ ಸೊಟ್ಟ ಸೌದೆಗಳನ್ನು ಒಟ್ಟಲು ಬರುವುದಿಲ್ಲ.

ಪರ್ಯಾಪ್ತ ಸರಪಳಿಯ ಪಕ್ಕದಲ್ಲಿ

ಎರಡು ಬಾಲಗಳೂ 16 ಕಾರ್ಬನ್‌ಗಳ ಪಾಲ್ಮಿಟಿಕ್ ಆಮ್ಲವೇ ಆಗಿರುವ ಫಾಸ್ಫೊಲಿಪಿಡ್‌ನ ಪದರ 41 ಡಿಗ್ರಿಗಿಂತ ಕೆಳಗೆ ಗಟ್ಟಿಯಾದ ಜೆಲ್ ಸ್ಥಿತಿಯಲ್ಲಿರುತ್ತದೆ, ಅದಕ್ಕಿಂತ ಮೇಲೆ ಕರಗಿ ಸಡಿಲವಾಗುತ್ತದೆ. ಇದಕ್ಕೆ ಕೊಲೆಸ್ಟರಾಲ್ ಸೇರಿಸುತ್ತಾ ಹೋದರೆ ಗಟ್ಟಿ, ಸಡಿಲಗಳ ನಡುವಿನ ಗಡಿಯೇ ಮಸುಕಾಗುತ್ತದೆ. ಜೆಲ್ ಸ್ಥಿತಿಯಲ್ಲಿ ಅದು ಸರಪಳಿಗಳ ಸ್ಫಟಿಕದಂಥ ಜೋಡಣೆಯನ್ನು ಒಡೆದು ಸಡಿಲಿಸುತ್ತದೆ. ಕರಗಿದ ಸ್ಥಿತಿಯಲ್ಲಿ ಅದರ ನುಣುಪು ಮುಖ ನೇರ ಸರಪಳಿಗೆ ತಾಗಿ ನಿಂತು, ಸರಪಳಿ ಮಡಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಹೀಗೆ ಒಂದೇ ಅಣು ಒಂದೆಡೆ ಮೆದುಗೊಳಿಸುತ್ತದೆ, ಮತ್ತೊಂದೆಡೆ ಬಿಗಿಗೊಳಿಸುತ್ತದೆ. ಕೊಲೆಸ್ಟರಾಲ್ ಪೊರೆಯನ್ನು ಗಡುಸಾಗಿಸುತ್ತದೆ ಎಂದಷ್ಟೇ ಹೇಳಿ ಮುಗಿಸುವ ಪಠ್ಯಪುಸ್ತಕಗಳು ಅರ್ಧ ಸತ್ಯವನ್ನು ಕಲಿಸುತ್ತಿವೆ.

ಈ ನಡುವಣ ಸ್ಥಿತಿಗೆ ಸುವ್ಯವಸ್ಥಿತ ದ್ರವ ಎಂಬ ವಿವರಣೆಯನ್ನು 1987ರಲ್ಲಿ ಇಪ್ಸನ್, ಮೌರಿಟ್ಸನ್ ಮತ್ತು ಅವರ ಸಂಗಡಿಗರು ಕೊಟ್ಟರು. ಇದರಲ್ಲಿ ಸರಪಳಿಗಳು ನೆಟ್ಟಗಿರುತ್ತವೆ, ಆದರೂ ಅಣುಗಳು ಪದರದಲ್ಲಿ ಅತ್ತಿತ್ತ ಓಡಾಡುವ ಸ್ವಾತಂತ್ರ್ಯ ಕಳೆದುಕೊಳ್ಳುವುದಿಲ್ಲ. ಬಲವಾದ ಪೊರೆಯೂ ಬೇಕು, ಅದರಲ್ಲಿ ಪ್ರೋಟೀನುಗಳು ಚಲಿಸಲೂ ಬೇಕು ಎನ್ನುವ ಪ್ರಾಣಿಕೋಶಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗುವುದು ಕಷ್ಟ.

ಇಲ್ಲಿ ಇನ್ನೊಂದು ಕಾರಣವೂ ಕೆಲಸ ಮಾಡುತ್ತದೆ. ಕೊಲೆಸ್ಟರಾಲಿನ ತಲೆ ತೀರ ಚಿಕ್ಕದು, ಮೈ ಎಣ್ಣೆಯಂಥದು. ನೀರು ತಾಗದಂತೆ ಅದು ದೊಡ್ಡ ತಲೆಯ ಲಿಪಿಡ್‌ಗಳ ನೆರಳಿನಲ್ಲಿ ನಿಲ್ಲಬೇಕು. ಹುವಾಂಗ್ ಮತ್ತು ಫೈಗೆನ್ಸನ್ 1999ರಲ್ಲಿ ಮುಂದಿಟ್ಟ ಈ ವಿವರಣೆಗೆ ಕೊಡೆ ಮಾದರಿ ಎಂದು ಹೆಸರು. ದೊಡ್ಡ ತಲೆಯೂ ಹೆಚ್ಚಾಗಿ ಪರ್ಯಾಪ್ತ ಸರಪಳಿಗಳೂ ಇರುವ ಸ್ಫಿಂಗೊಮಯಲಿನ್ ಕೊಲೆಸ್ಟರಾಲಿಗೆ ಅಚ್ಚುಮೆಚ್ಚಿನ ಜೊತೆಗಾರನಾಗಿರುವುದು ಇದರಿಂದ ಅರ್ಥವಾಗುತ್ತದೆ. ಚಿಕ್ಕ ತಲೆಯೂ ಬಹು ಅಪರ್ಯಾಪ್ತ ಸರಪಳಿಯೂ ಇರುವ ಫಾಸ್ಫಟಿಡೈಲ್‌ಎಥನಾಲಮೀನ್ ಈ ಸಾಲಿನ ಕೊನೆಯಲ್ಲಿ ನಿಲ್ಲುತ್ತದೆ.

ದ್ವಿಬಂಧ ಬಂದಾಗ

ಪೊರೆಯ ಫಾಸ್ಫೊಲಿಪಿಡ್‌ಗಳಲ್ಲಿ ಸಾಮಾನ್ಯವಾಗಿ ಒಂದು ಬಾಲ ಪರ್ಯಾಪ್ತ, ಇನ್ನೊಂದು ಅಪರ್ಯಾಪ್ತ. ಓಲಿಯಿಕ್ ಆಮ್ಲದ ದ್ವಿಬಂಧ ಒಂಬತ್ತನೆಯ ಕಾರ್ಬನ್ನಿನಲ್ಲಿದೆ, ಅಂದರೆ ಕೊಲೆಸ್ಟರಾಲಿನ ಹಲಗೆ ಮುಗಿಯುವ ಆಸುಪಾಸಿನಲ್ಲಿ. ಮೇಲಿನ ಭಾಗ ಹೇಗೋ ಹೊಂದಿಕೊಳ್ಳುತ್ತದೆ, ಸೊಟ್ಟಾದ ಕೆಳಭಾಗ ಪುಟ್ಟ ಬಾಲದ ಬಳಿಯ ಖಾಲಿ ಜಾಗದಲ್ಲಿ ಹೊರಳಾಡುತ್ತದೆ. ಹಾಗಾಗಿ ಒಂದು ದ್ವಿಬಂಧದ ಸರಪಳಿಯೊಡನೆಯೂ ಸಾಂದ್ರಣ ನಡೆಯುತ್ತದೆ, ಆದರೆ ಕಡಿಮೆ.

ಬಹು ಅಪರ್ಯಾಪ್ತ ಸರಪಳಿಗಳ ಕಥೆ ಬೇರೆ. ಅರಾಕಿಡೋನಿಕ್ ಆಮ್ಲದಲ್ಲಿ ದ್ವಿಬಂಧಗಳು ಐದನೆಯ ಕಾರ್ಬನ್ನಿನಿಂದಲೇ ಶುರುವಾಗಿ ನಾಲ್ಕಿವೆ. ಮೀನೆಣ್ಣೆಯಿಂದ ಹೆಸರುವಾಸಿಯಾದ ಡಿಎಚ್‌ಎ ಆಮ್ಲದಲ್ಲಿ 22 ಕಾರ್ಬನ್‌ಗಳು, ನಾಲ್ಕನೆಯದರಿಂದ ಶುರುವಾಗಿ ಆರು ದ್ವಿಬಂಧಗಳು. ಇಷ್ಟು ದ್ವಿಬಂಧಗಳಿದ್ದರೆ ಸರಪಳಿ ಸೆಟೆದುಕೊಂಡಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ನಡೆಯುವುದು ಇದಕ್ಕೆ ತದ್ವಿರುದ್ಧ. ದ್ವಿಬಂಧ ತಾನು ತಿರುಗುವುದಿಲ್ಲ ನಿಜ. ಆದರೆ ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಕಾರ್ಬನ್ನಿನ ಅಕ್ಕಪಕ್ಕದ ಏಕಬಂಧಗಳು ಬಹಳ ಸಲೀಸಾಗಿ ತಿರುಗುತ್ತವೆ. ಆದ್ದರಿಂದ ಡಿಎಚ್‌ಎ ಸರಪಳಿ ಕ್ಷಣಕ್ಷಣಕ್ಕೂ ಭಂಗಿ ಬದಲಿಸುತ್ತದೆ, ಒಮ್ಮೊಮ್ಮೆ ಮಡಚಿಕೊಂಡು ನೀರಿನ ಅಂಚಿನವರೆಗೂ ಬರುತ್ತದೆ. ಪರಮಾಣು ಕಾಂತೀಯ ಅನುರಣನದ ಅಳತೆಗಳೂ ಕಂಪ್ಯೂಟರ್ ಅನುಕರಣೆಗಳೂ ಇದನ್ನೇ ಹೇಳುತ್ತವೆ. ಅಷ್ಟು ಚಂಚಲವಾದ ಸರಪಳಿಗೆ ತಾಗಿ ನಿಲ್ಲಲು ಬಾಗದ ಹಲಗೆಗೆ ಆಗುವುದಿಲ್ಲ. ಒಂದು ಬಾಲ ಸ್ಟಿಯರಿಕ್, ಇನ್ನೊಂದು ಡಿಎಚ್‌ಎ ಆಗಿರುವ ಲಿಪಿಡ್‌ನಲ್ಲಿ ಕೊಲೆಸ್ಟರಾಲಿನ ನುಣುಪು ಮುಖ ಸ್ಟಿಯರಿಕ್ ಕಡೆಗೆ, ಒರಟು ಮುಖ ಡಿಎಚ್‌ಎ ಕಡೆಗೆ ತಿರುಗುವ ಒಲವು ಅನುಕರಣೆಗಳಲ್ಲಿ ಕಂಡಿದೆ. ಎರಡೂ ಬಾಲಗಳು ಡಿಎಚ್‌ಎ ಆಗಿದ್ದರೆ ಪೊರೆಯಲ್ಲಿ ಕೊಲೆಸ್ಟರಾಲ್ ಕರಗುವ ಪ್ರಮಾಣವೇ ತೀರ ಇಳಿದುಹೋಗುತ್ತದೆ. ಅಮೆರಿಕದ ವಾಸಲ್ ಮತ್ತು ಸ್ಟಿಲ್‌ವೆಲ್ ಈ ವಿಮುಖತೆಯನ್ನು ವರ್ಷಗಟ್ಟಲೆ ಅಳೆದವರು.

ಇದರ ಅತ್ಯಂತ ಸೋಜಿಗದ ನಿದರ್ಶನ ಕೆನಡಾದ ಚಾಕ್ ರಿವರ್‌ನ ನ್ಯೂಟ್ರಾನ್ ಪ್ರಯೋಗಗಳಲ್ಲಿ ಸಿಕ್ಕಿತು. ಕೊಲೆಸ್ಟರಾಲಿನ ತಲೆಯ ಭಾಗದ ಹೈಡ್ರೋಜನ್ ಬದಲು ಡ್ಯೂಟೀರಿಯಂ ಇಟ್ಟರೆ ನ್ಯೂಟ್ರಾನ್‌ಗಳಿಗೆ ಅದು ಎದ್ದು ಕಾಣುತ್ತದೆ. ಕಟ್ಸಾರಸ್, ಹ್ಯಾರನ್, ವಾಸಲ್ ಮೊದಲಾದವರು ಎರಡೂ ಬಾಲಗಳು ಅರಾಕಿಡೋನಿಕ್ ಆಮ್ಲವೇ ಆಗಿರುವ ಪೊರೆಯಲ್ಲಿ ಅದನ್ನು ಹುಡುಕಿದಾಗ, ಆ ತಲೆ ನೀರಿನ ಅಂಚಿನಲ್ಲಿರಲಿಲ್ಲ. ಪೊರೆಯ ನಟ್ಟನಡುವೆ, ಎರಡು ಪದರಗಳ ಮಧ್ಯದ ಎಣ್ಣೆಯ ಭಾಗದಲ್ಲಿತ್ತು. ಕೊಲೆಸ್ಟರಾಲ್ ನಿಲ್ಲುವುದನ್ನು ಬಿಟ್ಟು ಮಲಗಿತ್ತು. ಮುಂದೆ ಅದೇ ಪೊರೆಗೆ ಪರ್ಯಾಪ್ತ ಬಾಲಗಳ ಲಿಪಿಡ್ಡನ್ನು ಶೇ. 5ರಷ್ಟು ಬೆರೆಸಿದ್ದೇ ತಡ, ಅದು ಮತ್ತೆ ನೆಟ್ಟಗಾಯಿತು. ಒಂದು ಬಾಲ ಮಾತ್ರ ಪರ್ಯಾಪ್ತವಾದ ಲಿಪಿಡ್ ಬೆರೆಸಿದಾಗ ಅದೇ ಫಲ ಸಿಗಲು ಶೇ. 50 ಬೇಕಾಯಿತು. ಜೀವಂತ ಕೋಶದಲ್ಲಿ ಎರಡೂ ಬಾಲ ಬಹು ಅಪರ್ಯಾಪ್ತವಾಗಿರುವ ಪೊರೆ ಅಪರೂಪ. ಆದರೂ ಸಂಬಂಧದ ಬಲಾಬಲವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗ ಇನ್ನೊಂದಿಲ್ಲ ಎನ್ನಬಹುದು.

ಪ್ರದೇಶಗಳಾಗಿ ಒಡೆಯುವಿಕೆ

ಒಂದು ಕಡೆ ಒಲವು, ಮತ್ತೊಂದು ಕಡೆ ವಿಮುಖತೆ ಇದ್ದರೆ ಬೆರಕೆ ಒಂದೇ ಸಮನಾಗಿ ಉಳಿಯುವುದಿಲ್ಲ. ಪರ್ಯಾಪ್ತ ಲಿಪಿಡ್, ಅಪರ್ಯಾಪ್ತ ಲಿಪಿಡ್, ಕೊಲೆಸ್ಟರಾಲ್ ಈ ಮೂರನ್ನು ಬೆರೆಸಿ ಕೆಲವು ಹತ್ತು ಮೈಕ್ರೋಮೀಟರ್ ಅಗಲದ ಕೃತಕ ಗೋಳಗಳನ್ನು ತಯಾರಿಸಿ, ಅಪರ್ಯಾಪ್ತ ಭಾಗದಲ್ಲಿ ಸೇರಿಕೊಳ್ಳುವ ಹೊಳೆಯುವ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಬಿಸಿಯಾಗಿದ್ದಾಗ ಗೋಳ ಇಡಿಯಾಗಿ ಒಂದೇ ಬಣ್ಣ. ತಣಿಯುತ್ತಾ ಒಂದು ಉಷ್ಣತೆಗೆ ಬಂದೊಡನೆ ಮೈತುಂಬ ದುಂಡನೆಯ ಕಪ್ಪು ಚುಕ್ಕೆಗಳು ಏಳುತ್ತವೆ. ಅವು ತೇಲುತ್ತಾ ಒಂದಕ್ಕೊಂದು ತಾಗಿ, ಕೂಡಿ, ದೊಡ್ಡ ದುಂಡುಗಳಾಗುತ್ತವೆ. ಕಪ್ಪು ಭಾಗ ಕೊಲೆಸ್ಟರಾಲ್ ಮತ್ತು ಪರ್ಯಾಪ್ತ ಲಿಪಿಡ್‌ಗಳ ಬೀಡು, ಹೊಳೆಯುವ ಭಾಗ ಅಪರ್ಯಾಪ್ತದ್ದು. ಮತ್ತೆ ಬಿಸಿ ಮಾಡಿದರೆ ಚುಕ್ಕೆಗಳು ಮಾಯ. ಸಾರಾ ವೀಚ್ ಮತ್ತು ಸಾರಾ ಕೆಲ್ಲರ್ 2002ರಿಂದ ಈ ಗೋಳಗಳ ನಕ್ಷೆಗಳನ್ನು ಕ್ರಮವಾಗಿ ರಚಿಸಿದರು.

ಜೀವಂತ ಕೋಶದ ಪೊರೆಯಲ್ಲೂ ಇಂಥ ತೇಲುವ ಪ್ರದೇಶಗಳಿವೆ, ಅವು ಸಂದೇಶ ರವಾನೆಯ ಪ್ರೋಟೀನುಗಳನ್ನು ಒಟ್ಟುಗೂಡಿಸುತ್ತವೆ ಎಂಬ ವಾದವನ್ನು ಸೈಮನ್ಸ್ ಮತ್ತು ಇಕೋನೆನ್ 1997ರಲ್ಲಿ ಮಂಡಿಸಿದರು. ಲಿಪಿಡ್ ರಾಫ್ಟ್ ಎಂಬ ಈ ಕಲ್ಪನೆ ಬಹಳ ಚರ್ಚೆಗೆ ಗುರಿಯಾಯಿತು. ಕೃತಕ ಗೋಳದಲ್ಲಿ ಕಣ್ಣಿಗೆ ಕಾಣುವಂಥದ್ದು ಕೋಶದಲ್ಲಿ ಕಾಣುವುದಿಲ್ಲ. 2006ರಲ್ಲಿ ತಜ್ಞರು ಒಪ್ಪಿದ ವ್ಯಾಖ್ಯೆಯ ಪ್ರಕಾರ ಇವು 10ರಿಂದ 200 ನ್ಯಾನೋಮೀಟರ್‌ಗಳಷ್ಟು ಚಿಕ್ಕವು, ಬೇಗ ಮೂಡಿ ಬೇಗ ಅಳಿಯುವಂಥವು.

ಈ ಚರ್ಚೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್ ಮತ್ತು ರಜತ್ ವರ್ಮ, ಲಿಪಿಡ್ ಲಂಗರಿನಿಂದ ಪೊರೆಗೆ ಅಂಟಿಕೊಂಡ ಪ್ರೋಟೀನುಗಳು ಸೂಕ್ಷ್ಮ ಗುಂಪುಗಳಲ್ಲಿರುತ್ತವೆ, ಕೊಲೆಸ್ಟರಾಲ್ ಇಳಿಸಿದರೆ ಗುಂಪುಗಳು ಚದುರುತ್ತವೆ ಎಂದು 1998ರಲ್ಲಿ ತೋರಿಸಿದರು. ಮುಂದೆ ಭೌತವಿಜ್ಞಾನಿ ಮದನ್ ರಾವ್ ಅವರ ಜೊತೆಗೂಡಿ ನಡೆದ ಕೆಲಸ, ಈ ಗುಂಪುಗಳು ಕೊಲೆಸ್ಟರಾಲ್ ಒಂದರಿಂದಲೇ ತಾವಾಗಿ ಕಟ್ಟಿಕೊಂಡವಲ್ಲ, ಪೊರೆಯ ಕೆಳಗಿನ ಆಕ್ಟಿನ್ ತಂತುಗಳೂ ಅವನ್ನು ಕೂಡಿಸುತ್ತವೆ ಎಂಬುದನ್ನು ಬೆಳಕಿಗೆ ತಂದಿತು. 2015ರಲ್ಲಿ ಅದೇ ತಂಡ, ಒಳಪದರದ ಫಾಸ್ಫಟಿಡೈಲ್‌ಸೆರಿನ್ ಲಿಪಿಡ್‌ಗೆ ಉದ್ದನೆಯ ಪರ್ಯಾಪ್ತ ಸರಪಳಿ ಇದ್ದರೆ ಅದು ಹೊರಪದರದ ಸರಪಳಿಯೊಡನೆ ಪೊರೆಯ ನಡುವೆ ಕೈಜೋಡಿಸುತ್ತದೆ, ಕೊಲೆಸ್ಟರಾಲ್ ಆ ಹಿಡಿತವನ್ನು ಭದ್ರಪಡಿಸುತ್ತದೆ ಎಂದು ವರದಿ ಮಾಡಿತು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ ಚಟ್ಟೋಪಾಧ್ಯಾಯ ಅವರ ಗುಂಪು ಮಿದುಳಿನ ಸೆರೊಟೋನಿನ್ ಗ್ರಾಹಕವೊಂದರ ಕೆಲಸಕ್ಕೆ ಪೊರೆಯ ಕೊಲೆಸ್ಟರಾಲ್ ಬೇಕೇಬೇಕು ಎಂದು ಸ್ಥಾಪಿಸಿದೆ.

ಕಣ್ಣಿನ ಅಕ್ಷಿಪಟಲ

ಕೊಲೆಸ್ಟರಾಲ್ ಮತ್ತು ಡಿಎಚ್‌ಎ ಎದುರುಬದುರಾಗಿ ದುಡಿಯುವುದನ್ನು ನೋಡಬೇಕಾದರೆ ಅಕ್ಷಿಪಟಲದ ಕಂಬಕೋಶಗಳಿಗಿಂತ ಒಳ್ಳೆಯ ಜಾಗವಿಲ್ಲ. ಮಂದ ಬೆಳಕಿನಲ್ಲಿ ನಮಗೆ ಕಾಣುವುದು ಈ ಕೋಶಗಳಿಂದ. ಪ್ರತಿ ಕೋಶದ ಹೊರತುದಿಯಲ್ಲಿ ಚಪ್ಪಟೆ ಬಿಲ್ಲೆಗಳು ಒಂದರ ಮೇಲೊಂದು ಪೇರಿಸಿರುತ್ತವೆ. ಬೆಳಕನ್ನು ಹಿಡಿಯುವ ರೋಡಾಪ್ಸಿನ್ ಪ್ರೋಟೀನ್ ಈ ಬಿಲ್ಲೆಗಳ ಪೊರೆಯಲ್ಲಿದೆ. ಪೊರೆಯ ಕೊಬ್ಬಿನಾಮ್ಲಗಳಲ್ಲಿ ಅರ್ಧದಷ್ಟು ಡಿಎಚ್‌ಎ. ದೇಹದಲ್ಲಿ ಇಷ್ಟು ಡಿಎಚ್‌ಎ ತುಂಬಿದ ಪೊರೆಗಳು ವಿರಳ.

ಹೊಸ ಬಿಲ್ಲೆಗಳು ಬುಡದಲ್ಲಿ ಹುಟ್ಟಿ, ಸುಮಾರು ಹತ್ತು ದಿನಗಳಲ್ಲಿ ತುದಿಗೆ ಸರಿದು, ಅಲ್ಲಿ ಕಳಚಿಬೀಳುತ್ತವೆ. ಬುಡದ ಬಿಲ್ಲೆಯಲ್ಲಿ ಕೊಲೆಸ್ಟರಾಲ್ ಶೇ. 30ರಷ್ಟಿದ್ದು, ತುದಿಯ ಹಳೆಯ ಬಿಲ್ಲೆಯಲ್ಲಿ ಶೇ. 5ರಷ್ಟಕ್ಕೆ ಇಳಿದಿರುತ್ತದೆ. ಡಿಎಚ್‌ಎ ತುಂಬಿದ ಪೊರೆಯಲ್ಲಿ ಕೊಲೆಸ್ಟರಾಲಿಗೆ ಇರುಸುಮುರುಸು ಎಂಬುದನ್ನು ನೆನೆದರೆ ಈ ಇಳಿಕೆ ಅಚ್ಚರಿ ಹುಟ್ಟಿಸುವುದಿಲ್ಲ. ಬೆಳಕು ಬಿದ್ದಾಗ ರೋಡಾಪ್ಸಿನ್ ಮೆಟಾ ಒಂದು ಎಂಬ ರೂಪದಿಂದ ಮೆಟಾ ಎರಡು ಎಂಬ ಕ್ರಿಯಾಶೀಲ ರೂಪಕ್ಕೆ ಹಿಗ್ಗಬೇಕು. ಸಡಿಲವಾದ ಡಿಎಚ್‌ಎ ಸರಪಳಿಗಳು ಅದಕ್ಕೆ ಜಾಗ ಬಿಡುತ್ತವೆ. ಕೊಲೆಸ್ಟರಾಲ್ ಒತ್ತರಿಸಿದರೆ ಪ್ರೋಟೀನ್ ಮೆಟಾ ಒಂದರಲ್ಲೇ ಉಳಿಯುವ ಕಡೆಗೆ ವಾಲುತ್ತದೆ. ಲಿಟ್ಮನ್ ಮತ್ತು ಮಿಚೆಲ್ ಅವರ ಅಳತೆಗಳಲ್ಲಿ ಈ ಎರಡೂ ಪರಿಣಾಮಗಳು ಸ್ಪಷ್ಟವಾಗಿ ಕಾಣುತ್ತವೆ.

ಆಮ್ಲಜನಕದ ಋಣ

ಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಕೊಲೆಸ್ಟರಾಲ್ ಇಲ್ಲ. ಶಿಲೀಂಧ್ರಗಳಲ್ಲಿ ಎರ್ಗೊಸ್ಟರಾಲ್, ಸಸ್ಯಗಳಲ್ಲಿ ಸಿಟೊಸ್ಟರಾಲ್ ಮುಂತಾದವು ಅದರ ಕೆಲಸ ಮಾಡುತ್ತವೆ. ಕೊಲೆಸ್ಟರಾಲ್ ತಯಾರಾಗುವ ಹಾದಿಯನ್ನು ಬಿಡಿಸಿ 1964ರ ನೊಬೆಲ್ ಪಡೆದ ಕಾನ್ರಾಡ್ ಬ್ಲಾಖ್, ಈ ಹಾದಿಗೆ ಆಮ್ಲಜನಕ ಅನಿವಾರ್ಯ ಎಂಬುದಕ್ಕೆ ಬಹಳ ಮಹತ್ವ ಕೊಟ್ಟ. ಹಾದಿಯ ನಡುವೆ ಬರುವ ಲ್ಯಾನೊಸ್ಟರಾಲಿನ ನುಣುಪು ಮುಖದಲ್ಲಿ ಒಂದು ಮೀಥೈಲ್ ಚಾಚಿಕೊಂಡಿರುತ್ತದೆ. ಅದನ್ನು ಆಮ್ಲಜನಕ ಖರ್ಚು ಮಾಡಿ ಕಿತ್ತುಹಾಕಿದ ಮೇಲೆಯೇ ಆ ಮುಖ ಸರಪಳಿಗಳಿಗೆ ಚೆನ್ನಾಗಿ ತಾಗುವಷ್ಟು ನುಣುಪಾಗುವುದು. ನಮ್ಮ ಕೋಶಗಳು ಸ್ಟಿಯರಿಕ್ ಆಮ್ಲಕ್ಕೆ ದ್ವಿಬಂಧ ಹಾಕಿ ಓಲಿಯಿಕ್ ಮಾಡುವುದೂ ಆಮ್ಲಜನಕದ ನೆರವಿನಿಂದಲೇ. ಬ್ರೆಡ್ಡಿನ ಯೀಸ್ಟನ್ನು ಗಾಳಿಯಿಲ್ಲದೆ ಬೆಳೆಸಬೇಕಾದರೆ ಎರ್ಗೊಸ್ಟರಾಲನ್ನೂ ಅಪರ್ಯಾಪ್ತ ಕೊಬ್ಬಿನಾಮ್ಲವನ್ನೂ ಹೊರಗಿನಿಂದ ಕೊಡಬೇಕು ಎಂದು ಆಂಡ್ರಿಯಾಸೆನ್ ಮತ್ತು ಸ್ಟಿಯರ್ 1950ರ ದಶಕದಲ್ಲೇ ಕಂಡುಕೊಂಡಿದ್ದರು.

ಕೋಶದ ಲೆಕ್ಕಾಚಾರ, ಆಹಾರ, ರೋಗ

ಕೊಲೆಸ್ಟರಾಲ್ ಹೆಚ್ಚೋ ಕಡಿಮೆಯೋ ಎಂಬುದನ್ನು ಕೋಶ ತಿಳಿಯುವುದು ಒಳಬಲೆಯ ಪೊರೆಯಲ್ಲಿ. ಅಲ್ಲಿ ಅದರ ಪಾಲು ಶೇ. 5 ದಾಟಿದರೆ ತಯಾರಿಕೆಯ ಆಜ್ಞೆ ನಿಲ್ಲುತ್ತದೆ ಎಂದು ಡಲ್ಲಾಸಿನ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ತಂಡ 2008ರಲ್ಲಿ ತೋರಿಸಿತು. ಒಳಬಲೆಯ ಲಿಪಿಡ್‌ಗಳು ಹೆಚ್ಚಾಗಿ ಅಪರ್ಯಾಪ್ತ, ಕೊಲೆಸ್ಟರಾಲನ್ನು ಬಿಗಿಯಾಗಿ ಹಿಡಿದಿಡಲಾರವು. ಸೂಕ್ಷ್ಮ ತಕ್ಕಡಿಗೆ ಇಂಥ ಜಾಗವೇ ಸರಿ. ಆಜ್ಞೆ ಕೊಡುವ ಎಸ್‌ಆರ್‌ಇಬಿಪಿ ಪ್ರೋಟೀನುಗಳ ಕುಟುಂಬವೇ ಓಲಿಯಿಕ್ ಆಮ್ಲ ತಯಾರಿಸುವ ಕಿಣ್ವವನ್ನೂ ನಿಯಂತ್ರಿಸುತ್ತದೆ. ಮಿಕ್ಕಿದ ಕೊಲೆಸ್ಟರಾಲಿಗೆ ಓಲಿಯಿಕ್ ಆಮ್ಲ ಬೆಸೆದು ಕೋಶ ಅದನ್ನು ಎಣ್ಣೆಹನಿಗಳಲ್ಲಿ ಕೂಡಿಡುತ್ತದೆ. ರಕ್ತದಲ್ಲಿ ಬೆಸೆಯುವ ಕಿಣ್ವ ಹೆಚ್ಚಾಗಿ ಬಳಸುವುದು ಲಿನೋಲಿಯಿಕ್ ಆಮ್ಲವನ್ನು. ಪೊರೆಯಲ್ಲಿ ದೂರ ನಿಲ್ಲುವ ಇವು ದಾಸ್ತಾನಿನಲ್ಲಿ ಒಂದೇ ಅಣುವಾಗಿ ಕೂಡಿಕೊಳ್ಳುತ್ತವೆ.

ತಿಂದ ಎಣ್ಣೆ ಪೊರೆಯನ್ನು ಬದಲಿಸುತ್ತದೆಯೇ? ಬದಲಿಸುತ್ತದೆ, ಆದರೆ ಕೋಶ ಸುಮ್ಮನೆ ಕೂರುವುದಿಲ್ಲ. ಸಸ್ತನಿ ಕೋಶಗಳಿಗೆ ಬಹು ಅಪರ್ಯಾಪ್ತ ಕೊಬ್ಬಿನಾಮ್ಲ ಕೊಟ್ಟಾಗ ಅವು ಅದನ್ನು ಬೇಗನೆ ಪೊರೆಗೆ ಸೇರಿಸಿಕೊಂಡವು; ಜೊತೆಜೊತೆಗೇ ಪರ್ಯಾಪ್ತ ಲಿಪಿಡ್ ಮತ್ತು ಕೊಲೆಸ್ಟರಾಲನ್ನು ಹೆಚ್ಚಿಸಿ ಪೊರೆಯ ಬಿಗಿಯನ್ನು ಮೊದಲಿನಂತೆ ಉಳಿಸಿಕೊಂಡವು ಎಂದು ಲೆವೆಂಟಲ್ ತಂಡ 2020ರಲ್ಲಿ ವರದಿ ಮಾಡಿತು. ಪರ್ಯಾಪ್ತ ಕೊಬ್ಬಿನ ಬದಲು ಬಹು ಅಪರ್ಯಾಪ್ತ ಎಣ್ಣೆ ಬಳಸಿದರೆ ರಕ್ತದ ಎಲ್‌ಡಿಎಲ್ ಕೊಲೆಸ್ಟರಾಲ್ ಇಳಿಯುತ್ತದೆ ಎಂಬುದು ಚೆನ್ನಾಗಿ ಸ್ಥಿರಪಟ್ಟ ಸಂಗತಿ. ಅದನ್ನು ಪೊರೆಯ ಲೆಕ್ಕದೊಡನೆ ಬೆರೆಸಿ ಓದುವುದು ಸರಿಯಲ್ಲ; ರಕ್ತದ ಅಂಕಿಯನ್ನು ಮುಖ್ಯವಾಗಿ ತೀರ್ಮಾನಿಸುವುದು ಯಕೃತ್ತು.

ಟ್ರಾನ್ಸ್ ಕೊಬ್ಬಿನ ವಿಷಯದಲ್ಲಿ ಆಕಾರದ ಮಾತು ನೇರವಾಗಿ ಅನ್ವಯಿಸುತ್ತದೆ. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ವನಸ್ಪತಿ ಮಾಡುವಾಗ ಕೆಲವು ಸಿಸ್ ಬಂಧಗಳು ಟ್ರಾನ್ಸ್ ಆಗುತ್ತವೆ. ಆಗ ಸರಪಳಿಯ ಸೊಟ್ಟು ಬಹುಪಾಲು ಹೋಗಿ ಅದು ಪರ್ಯಾಪ್ತದಂತೆ ನೆಟ್ಟಗಾಗುತ್ತದೆ. ಓಲಿಯಿಕ್ ಆಮ್ಲದ ಟ್ರಾನ್ಸ್ ರೂಪವಾದ ಎಲೈಡಿಕ್ ಆಮ್ಲ ಕರಗಲು ಸುಮಾರು 45 ಡಿಗ್ರಿ ಬೇಕು. ಟ್ರಾನ್ಸ್ ಸರಪಳಿಯ ಪೊರೆಗೆ ಕೊಲೆಸ್ಟರಾಲ್ ಹೆಚ್ಚು ಒಲಿಯುತ್ತದೆ, ಅಲ್ಲಿ ರೋಡಾಪ್ಸಿನ್ ಅಷ್ಟು ಚುರುಕಾಗಿ ಕ್ರಿಯಾಶೀಲವಾಗುವುದಿಲ್ಲ ಎಂದು 2005ರ ಒಂದು ಅಧ್ಯಯನದಲ್ಲಿ ಕಂಡುಬಂತು. ಟ್ರಾನ್ಸ್ ಕೊಬ್ಬಿನ ಮೇಲಿನ ನಿರ್ಬಂಧಕ್ಕೆ ಮುಖ್ಯ ಆಧಾರ ಹೃದ್ರೋಗದ ಅಪಾಯ. ಭಾರತದಲ್ಲಿ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದರ ಮಿತಿಯನ್ನು 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಲಾಗಿದೆ.

ಪೊರೆಯ ಕೊಲೆಸ್ಟರಾಲ್ ಹದ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ಯಕೃತ್ತು ತೀರ ಕೆಟ್ಟ ರೋಗಿಗಳ ರಕ್ತದಲ್ಲಿ ವೈದ್ಯರು ಸೂಕ್ಷ್ಮದರ್ಶಕದಿಂದಲೇ ಗುರುತಿಸುತ್ತಾರೆ. ರಕ್ತಕಣದ ಪೊರೆ ಸುತ್ತಲಿನ ಪ್ಲಾಸ್ಮಾದಿಂದ ಕೊಲೆಸ್ಟರಾಲನ್ನು ಹೀರಿಕೊಳ್ಳುತ್ತಾ ಹೋಗುತ್ತದೆ, ಫಾಸ್ಫೊಲಿಪಿಡ್ ಮಾತ್ರ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ದುಂಡನೆಯ ಕಣದ ಮೈಮೇಲೆ ಮುಳ್ಳುಗಳೇಳುತ್ತವೆ, ಪೊರೆ ಬಾಗುವ ಗುಣ ಕಳೆದುಕೊಳ್ಳುತ್ತದೆ. ಗುಲ್ಮದ ಕಿರಿದಾದ ದಾರಿಗಳಲ್ಲಿ ನುಸುಳಲಾರದೆ ಅಂಥ ಕಣಗಳು ಅಲ್ಲೇ ನಾಶವಾಗುತ್ತವೆ, ರೋಗಿಗೆ ರಕ್ತಹೀನತೆ ಬರುತ್ತದೆ.